ಭೂಲ್ ಕೊಡುವ ಡಾಕ್ಟರು

ತನ್ನೂರು ಸತ್ತಿಯ ಕ್ರಾಸಿನಲ್ಲಿ ಬಸ್ಸಿಳಿದ ಭಾಗ್ಯಾಳಿಗೆ ಮೊದಲು ಎದುರಾದದ್ದು ಅವಳದೇ ಮುಖ. ಚಹಾದಂಗಡಿಯ ಪಕ್ಕದ ಎರಡು ಕಂಬಗಳ ನಡುವೆ ಎಳೆದು ಕಟ್ಟಿದ ಬ್ಯಾನರಿನ ಮೇಲೆ ಅದು ಬಾಗಿಲಿನಷ್ಟು ದೊಡ್ಡದಾಗಿ ನಗುತ್ತಿತ್ತು. ಕಾಲೇಜಿನ ಗುರುತಿನ ಚೀಟಿಯ ಫೋಟೋವನ್ನೇ ಅಥಣಿಯ ಪ್ರಿಂಟಿಂಗ್ ಅಂಗಡಿಯವನು ಹಿಗ್ಗಿಸಿ, ಬಣ್ಣ ಬೆಳ್ಳಗೆ ಮಾಡಿ, ಅವಳು ಹುಟ್ಟಿದಾಗಿನಿಂದ ಹಚ್ಚದ ಲಿಪ್‌ಸ್ಟಿಕ್ಕನ್ನೂ ಹಚ್ಚಿದ್ದ. ಕೆಳಗೆ ಕೆಂಪಕ್ಷರ: ‘ನಮ್ಮೂರ ಹೆಮ್ಮೆಯ ಮಗಳು ಡಾ. ಭಾಗ್ಯಾ, ಎಂ.ಡಿ., ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ.’ ಅದರ ಕೆಳಗೆ ಶುಭೇಚ್ಛುಕರ ಸಾಲು. ಆ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಫೋಟೋ, ಕಪ್ಪು ಗಾಗಲ್ ಹಾಕಿಕೊಂಡದ್ದು, ಅವಳ ಸೋದರಮಾವ ಶಿವಾಜಿಯದು.

ಎಂ.ಡಿ. ಇನ್ನೂ ಮುಗಿದಿಲ್ಲ, ಅರ್ಧ ದಾರಿಯಲ್ಲಿದೆ. ಹೆರಿಗೆ ತಜ್ಞೆ ಅವಳು ಅಲ್ಲವೇ ಅಲ್ಲ. ಅಷ್ಟು ಬೆಳ್ಳಗೂ ಇಲ್ಲ. ಅಷ್ಟುದ್ದದ ಬ್ಯಾನರಿನಲ್ಲಿ ನಿಜವಾದದ್ದು ಅವಳ ಹೆಸರೊಂದೇ. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ಮಾಮಾನಿಗೆ ಫೋನ್ ಹಚ್ಚಿ ಜಗಳ ತೆಗೆಯುತ್ತಿದ್ದಳು. ಇವತ್ತು ಅವಳ ತಲೆಯಲ್ಲಿ ಬೇರೆಯೇ ಮಾತು ಕುದಿಯುತ್ತಿತ್ತು. ಈಗ ಓದುತ್ತಿರುವ ಸೀಟು ಬಿಟ್ಟುಬಿಡುತ್ತೇನೆ, ಮತ್ತೆ ಪರೀಕ್ಷೆ ಬರೆದು ಹೆರಿಗೆ ವಿಭಾಗದ ಸೀಟನ್ನೇ ತರುತ್ತೇನೆ, ನಿಮಗೆಲ್ಲ ಅದೇ ಬೇಕಲ್ಲವೇ ಎಂದು ಅಪ್ಪನ ಮುಂದೆ ಹೇಳಿಬಿಡಲೆಂದೇ ಅವಳು ಡ್ಯೂಟಿ ಮುಗಿದದ್ದೇ ತಡ ಬಸ್ಸು ಹತ್ತಿದ್ದಳು. ಇವತ್ತು ಭಾನುವಾರ, ಸಂಜೆಯೇ ಮತ್ತೆ ಹೊರಡಬೇಕು, ಅಷ್ಟರೊಳಗೆ ಮಾತು ಮುಗಿಯಬೇಕು.

ಈ ಸಿಟ್ಟು ಒಂದು ದಿನದ್ದಲ್ಲ. ಅದಕ್ಕೂ ಒಂದು ಇತಿಹಾಸವಿದೆ.

ಅವಳ ಅಪ್ಪ ಮಾಳೇಶನಿಗೆ ಕೃಷ್ಣೆಯ ದಂಡೆಯಲ್ಲಿ ತುಂಡು ಹೊಲ, ಜೊತೆಗೊಂದು ಕುರಿಹಿಂಡು. ಕಬ್ಬು ಕಡಿದ ಹೊಲಗಳಲ್ಲಿ ಕುರಿ ಬಿಟ್ಟುಕೊಂಡು ಸುತ್ತುವವನು. ಮಾತು ಕಡಿಮೆ. ಮಗಳು ಶಾಣ್ಯಾ ಇದ್ದಾಳೆ ಎಂದು ಮಾಸ್ತರು ಹೇಳಿದ್ದನ್ನು ನಂಬಿದ, ಅಷ್ಟೇ. ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಾಗ ಊರಿನಲ್ಲಿ ಮೊದಲ ಸತ್ಕಾರವಾಯಿತು. ಈ ಗಡಿಭಾಗದಲ್ಲಿ ಸತ್ಕಾರವಿಲ್ಲದೆ ಯಾವ ಕೆಲಸವೂ ಆದಂತೆ ಲೆಕ್ಕವಿಲ್ಲ. ಪೊಲೀಸ್ ಭರ್ತಿಯಾದರೆ ಸತ್ಕಾರ, ರಿಟೈರ್ ಆದರೆ ಸತ್ಕಾರ, ಹುಡುಗರು ಕಬಡ್ಡಿಯಲ್ಲಿ ಸೋತು ಬಂದರೂ ಚೆನ್ನಾಗಿ ಆಡಿದರೆಂದು ಸತ್ಕಾರ. ಶಾಲು, ತೆಂಗಿನಕಾಯಿ, ತಲೆಗೆ ಫೇಟಾ, ಕ್ರಾಸಿನಲ್ಲಿ ಬ್ಯಾನರು. ಇದೆಲ್ಲದರ ಗುತ್ತಿಗೆ ಶಿವಾಜಿ ಮಾಮಾನದು. ಭಾಗ್ಯಾ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ತನ್ನ ಮಗ ಬಾಳಾಸಾಬನಿಗೆ ತಂದುಕೊಳ್ಳುತ್ತೇನೆಂದು ಮಾತಾಡಿದ್ದವನು, ಸೀಟು ಸಿಕ್ಕ ದಿನ ತಾನಾಗಿಯೇ ಆ ಮಾತು ವಾಪಸ್ಸು ತೆಗೆದುಕೊಂಡ. “ಡಾಕ್ಟರ್ ಹುಡುಗಿ ಕ್ರೂಸರ್ ಡ್ರೈವರಗ ಯಾಕ? ಅಕೀಗೆ ದವಾಖಾನಿ ಕಟ್ಟಸೂಣು,” ಎಂದ. ದೊಡ್ಡ ಮನಸ್ಸೇ ಅನ್ನಬೇಕು. ಆದರೆ ಆ ದೊಡ್ಡ ಮನಸ್ಸಿನಿಂದಲೇ ಅವಳ ಕಾಟ ಶುರುವಾದದ್ದು.

ಹಾಸ್ಟೆಲಿನಲ್ಲಿ ಮೊದಲ ವರ್ಷವೆಲ್ಲ ಅತ್ತಳು. ಹೆಣ ಕೊಯ್ಯುವ ಕೋಣೆಯ ವಾಸನೆಗಲ್ಲ, ಕುರಿ ಕೊಯ್ಯುವುದನ್ನು ನೋಡುತ್ತ ಬೆಳೆದವಳಿಗೆ ಅದೇನು ದೊಡ್ಡದಲ್ಲ. ಅತ್ತದ್ದು ಇಂಗ್ಲಿಷಿಗೆ. ಪಾಠದ ಅರ್ಧ ತಲೆಗೆ ಹತ್ತುತ್ತಿರಲಿಲ್ಲ, ಹತ್ತಿದ್ದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಅವಳು ‘ಐತ್ರಿ’ ಎಂದರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಬಾಯಿಪಾಠ ಮಾಡಿ, ಬರೆದು ಬರೆದು, ಬೆರಳಿನ ಮೇಲೆ ಗಂಟು ಬರುವಷ್ಟು ಬರೆದು ಪಾಸಾದಳು. ಕೊನೆಗೆ ಇಂಟರ್ನ್ ಆದಾಗ ಡಾಕ್ಟರ್ ಆದೆನೆಂದುಕೊಂಡಳು. ಆದದ್ದು ಓಡುವ ಕೂಲಿ. ರಕ್ತದ ಬಾಟಲಿ ತರುವುದು, ಸ್ಟ್ರೆಚರ್ ತಳ್ಳುವುದು, ಎಕ್ಸ್-ರೇ ಹಿಡಿದುಕೊಂಡು ಈ ಮಹಡಿಯಿಂದ ಆ ಮಹಡಿಗೆ ಹತ್ತುವುದು. ಆ ಹೊತ್ತಿಗೆ ಊರಿನಲ್ಲಿ ಎರಡನೆಯ ಸತ್ಕಾರ ಮುಗಿದು, ಬ್ಯಾನರಿನ ಮೇಲೆ ಅವಳ ಕೊರಳಿಗೆ ಸ್ಟೆತಾಸ್ಕೋಪು ಅಂಟಿಸಲಾಗಿತ್ತು.

ಆಮೇಲೆ ರಾಯಬಾಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಡ್ಡಾಯ ಗ್ರಾಮೀಣ ಸೇವೆ. ಕಬ್ಬಿನ ಟ್ರ್ಯಾಕ್ಟರಿನಿಂದಿಳಿದು ಬಂದವರು ಕುರ್ಚಿಯಲ್ಲಿ ಕೂಡುವ ಮೊದಲೇ ತೋಳು ಮೇಲೆತ್ತುತ್ತಿದ್ದರು. “ಗುಳಿಗಿ ಬ್ಯಾಡ್ರಿ, ಸೂಜಿ ಮಾಡ್ರಿ.” ಸೂಜಿ ಬೇಡ ಎಂದರೆ, ಈ ಹುಡುಗಿಗೆ ಸೂಜಿ ಮಾಡಲು ಬರುವುದಿಲ್ಲ ಎಂದು ಹೊರಗೆ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಅವಳಿಗೆ ಹಿಡಿಸಿದ ಕೆಲಸವೆಂದರೆ ಬಸುರಿಯರನ್ನು ನೋಡುವುದು. ಮುಂದೆ ಹೆರಿಗೆ ಡಾಕ್ಟರೇ ಆಗಬೇಕೆಂದು ಅಲ್ಲಿಯೇ ನಿಶ್ಚಯ ಮಾಡಿಕೊಂಡಳು. ಅದನ್ನು ಮಾಮಾನ ಮುಂದೆ ಹೇಳಿದ್ದು ದೊಡ್ಡ ಪೆದ್ದತನ.

ಪಿ.ಜಿ. ಪರೀಕ್ಷೆಗೆ ನಿಪ್ಪಾಣಿಯಲ್ಲಿ ರೂಮು ಮಾಡಿ ಅಭ್ಯಾಸಿಕೆಗೆ ಸೇರಿದಳು. ಅಭ್ಯಾಸಿಕೆಯೆಂದರೆ ಓದಲಿಕ್ಕೆಂದೇ ಇರುವ ಬಾಡಿಗೆಯ ಕೋಣೆ. ಪೊಲೀಸ್ ಭರ್ತಿಯ ಹುಡುಗರು, ತಲಾಠಿ, ಅಂದರೆ ಗ್ರಾಮ ಲೆಕ್ಕಿಗರ ಪರೀಕ್ಷೆಯ ಹುಡುಗಿಯರು, ನಡುವೆ ಇವಳು. ಮೊದಲ ಸಲ ರ್‍ಯಾಂಕು ಬರಲಿಲ್ಲ. ಎರಡನೆಯ ಸಲ ಬಂತು, ಆದರೆ ಸಾಲದು. ಕೌನ್ಸೆಲಿಂಗಿನ ಒಂದೊಂದು ಸುತ್ತಿನಲ್ಲೂ ಹೆರಿಗೆ ವಿಭಾಗದ ಸೀಟುಗಳು ಅವಳ ಕಣ್ಣೆದುರೇ ಮುಗಿದವು. ಕೊನೆಗೆ ಸಿಕ್ಕದ್ದು ಅರಿವಳಿಕೆ, ಅಂದರೆ ಅನೆಸ್ಥೇಶಿಯಾ. ಬಿಟ್ಟರೆ ಮತ್ತೊಂದು ವರ್ಷ ಅಭ್ಯಾಸಿಕೆಯ ಅದೇ ಕುರ್ಚಿ. ತೆಗೆದುಕೊಂಡಳು.

ಅಥಣಿ, ಕಾಗವಾಡದ ಕಡೆ ಅರಿವಳಿಕೆಗೆ ಭೂಲ್ ಅನ್ನುತ್ತಾರೆ. ಮೀರಜ್ ದವಾಖಾನೆಗಳಿಂದ ಬಂದ ಮರಾಠಿ ಮಾತು. ಮಾಮಾನಿಗೆ ಫೋನಿನಲ್ಲಿ ಹೇಳಿದಾಗ ಅವನು ಅದನ್ನೇ ಎರಡು ಸಲ ಹೇಳಿಸಿಕೊಂಡ.

“ಅಂದ್ರ ಭೂಲ್ ಕೊಡಾಕ? ಅದಕ್ಕೂ ಡಾಕ್ಟರ ಬೇಕನ? ಅದನ್ನ ಸಿಸ್ಟರ್ ಕೊಡೂದಿಲ್ಲೇನ?”

“ಸಿಸ್ಟರ್ ಕೊಡೂದಿಲ್ಲ ಮಾಮಾ. ಅದಕ್ಕ ಮೂರ ವರ್ಷ ಕಲೀಬೇಕು.”

“ಮನಶಾನ ಮಲಗಸಾಕ ಮೂರ ವರ್ಷ?” ಎಂದು ಮಾಮಾ ನೊಂದ ದನಿಯಲ್ಲಿ ಕೇಳಿದ. ಅವಳು ಫೋನಿಟ್ಟಳು.

ನಡೆದದ್ದೆಂದರೆ, ಸೇರಿದ ಮೇಲೆ ಅದು ಅವಳ ಕೈಗೆ ಹತ್ತಿತು. ಬೆನ್ನಿನ ಎಲುಬುಗಳ ನಡುವೆ ಸೂಜಿ ಹೋಗುವ ದಾರಿ ಅವಳ ಬೆರಳಿಗೆ ಬೇಗ ಗುರುತಾಯಿತು. ಆದರೆ ಕೈಗೆ ಹತ್ತಿದರೆ ಏನಾಯಿತು? ಹಗಲು ಆಪರೇಷನ್ ಥಿಯೇಟರು, ರಾತ್ರಿ ಎಮರ್ಜೆನ್ಸಿ, ಮರುದಿನ ಮತ್ತೆ ಥಿಯೇಟರು. ನಿಂತು ನಿಂತು ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡೇ ನಿದ್ದೆ ಹೋದದ್ದುಂಟು. ಆಪರೇಷನ್ ಚೆನ್ನಾಗಿ ಆದರೆ ಸರ್ಜನ್ನರ ಕೈಗುಣ, ಕೆಟ್ಟರೆ ಅನೆಸ್ಥೇಶಿಯಾದವರ ತಪ್ಪು. ಸರ್ಜನ್ನರು ಸೀನಿಯರನಿಗೆ ಬೈದರೆ ಅವನು ಇವಳಿಗೆ ಬೈಯುತ್ತಿದ್ದ, ಇವಳು ಬೈಯಲು ಕೆಳಗೆ ಯಾರೂ ಇರಲಿಲ್ಲ. ಒಬ್ಬ ಮುದುಕನ ಉಸಿರನ್ನು ಅರ್ಧ ದಿನ ತನ್ನ ಕೈಯಲ್ಲಿ ಹಿಡಿದುಕೊಂಡು ಕೂತು, ಮರುದಿನ ಹೇಗಿದ್ದಾನೆಂದು ನೋಡಲು ವಾರ್ಡಿಗೆ ಹೋದಳು. ಮುದುಕ ಕಣ್ಣು ಕಿರಿದು ಮಾಡಿ ನೋಡಿ, “ಸಿಸ್ಟರ್, ಸ್ವಲ್ಪ ಬೆಡ್‌ಪ್ಯಾನ್ ಕೊಡ್ರಿ,” ಅಂದ. ಕೊಟ್ಟಳು. ಆವತ್ತೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಸಾಕು, ಇದನ್ನು ಬಿಡುತ್ತೇನೆ ಎಂದುಕೊಂಡಳು. ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಇಷ್ಟು ವರ್ಷ ಸುಟ್ಟುಕೊಂಡದ್ದು ನೆನೆದು ಅವಳಿಗೆ ಹೊಟ್ಟೆ ಉರಿದುಹೋಯಿತು.

ಅಂಥ ಹೊಟ್ಟೆಯುರಿಯನ್ನು ಹೊತ್ತು ಮನೆಗೆ ಬಂದರೆ ಅಪ್ಪ ಕುರಿ ಬಿಡಲು ಹೋಗಿದ್ದ. ಅವ್ವ ತಾರವ್ವ ರೊಟ್ಟಿ ತಟ್ಟುತ್ತಿದ್ದಳು.

“ಎಷ್ಟ ಸೊರಗಿದಿ ಬೇ. ಇನ್ನ ಎಷ್ಟ ದಿನ ಕಲಿಯೂದ ಐತಿ ಅದು?”

“ಅಪ್ಪ ಬರಲಿ. ಮಾತಾಡೂದೈತಿ.”

“ನನ್ನ ಮುಂದ ಆಡು.”

“ಇಬ್ಬರ ಮುಂದನೂ ಒಮ್ಮೆ ಆಡತೇನಿ. ಎರಡ ಸಲ ಆಡಾಕ ತ್ರಾಣ ಇಲ್ಲ,” ಎಂದು ಭಾಗ್ಯಾ ಕಂಬಕ್ಕೆ ಒರಗಿದಳು. ಕಣ್ಣು ಮುಚ್ಚಿದ್ದೇ ತಡ, ಅಂಗಳದಲ್ಲಿ ಬಾಳಾಸಾಬ ಓಡಿಸುವ ಕ್ರೂಸರ್ ಗಾಡಿ ಬಂದು ನಿಂತಿತು.

ಇಳಿದವನು ಶಿವಾಜಿ ಮಾಮಾ. ಹಿಂದಿನಿಂದ ಬಾಳಾಸಾಬ ತನ್ನ ಹೆಂಡತಿ ಅನುಸೂಯಾಳ ಕೈ ಹಿಡಿದು ಇಳಿಸಿದ. ಚೊಚ್ಚಲ ಬಸುರಿ, ದಿನ ತುಂಬಲು ಬಂದಿತ್ತು. ಮಾಮಾನ ಮುಖ ಅರಳಿತ್ತು. “ಡಾಕ್ಟರಬಾಯಾರ, ಪೇಶಂಟ್ ತಂದೇನಿ ನೋಡ್ರಿ,” ಎಂದು ನಗಾಡಿದ.

ಭಾಗ್ಯಾ ನಗಲಿಲ್ಲ. ಅನುಸೂಯಾಳ ಮುಖ ಉಬ್ಬಿ ಕಣ್ಣು ಸಣ್ಣವಾಗಿದ್ದವು. ಕಾಲು ಎಷ್ಟು ಊದಿದ್ದವೆಂದರೆ ಕಾಲುಂಗುರ ಚರ್ಮದೊಳಗೆ ಹೂತಿತ್ತು. “ಇಕಿ ಇನ್ನೂ ಇಲ್ಲೇ ಯಾಕ ಅದಾಳ? ಮೊದಲ ಹೆರಿಗಿ ತವರ ಮನ್ಯಾಗ ಅಲ್ಲನ? ರಾಯಬಾಗಕ್ಕ ಹೋಗೂದಿತ್ತಲ್ಲ?”

“ಅವರ ಅಪ್ಪ ಕರಿಯಾಕ ಬಂದಿದ್ರು. ನಾನ ಕಳಸಲಿಲ್ಲ,” ಎಂದ ಮಾಮಾ, ಎದೆಯುಬ್ಬಿಸಿ. “ಹೆರಿಗಿ ಡಾಕ್ಟರ ನಮ್ಮ ಮನ್ಯಾಗ ಅದಾಳ, ಕ್ರಾಸಿಗೆ ಬ್ಯಾನರ್ ಹಾಕೇವಿ, ಮತ್ತ ಸೊಸೀನ ರಾಯಬಾಗಕ್ಕ ಕಳಿಸಿದ್ರ ಮಂದಿ ಏನಂದಾರು?”

ತಲೆತಲಾಂತರದಿಂದ ನಡೆದು ಬಂದ ತವರಿನ ಪದ್ಧತಿಯನ್ನು ಈ ಮನುಷ್ಯ ಒಂದು ಬ್ಯಾನರಿಗಾಗಿ ಮುರಿದಿದ್ದ. ಆಶಾ ಕಾರ್ಯಕರ್ತೆ ಬಂದು ತಪಾಸಣೆಗೆ ನಡೆಯಿರಿ ಎಂದು ಎರಡೆರಡು ಸಲ ಹೇಳಿದ್ದಳಂತೆ. ಭಾನುವಾರ ನಮ್ಮ ಡಾಕ್ಟರ ಬರ್ತಾಳ ಎಂದು ಮಾಮಾ ಅವಳನ್ನೂ ಸಾಗಹಾಕಿದ್ದ.

“ತಲಿ ಭಾಳ ಸಿಡಿಯಾಕತ್ತೈತಿ ಅಕ್ಕಾ,” ಎಂದಳು ಅನುಸೂಯಾ ಸಣ್ಣಗೆ. “ಕಣ್ಣ ಮುಂದ ಮಂಜ ಮಂಜ.”

ರಾಯಬಾಗದ ಸೇವೆಯ ಕಾಲದ ಹಳೆಯ ಬಿ.ಪಿ. ಯಂತ್ರ ಟ್ರಂಕಿನಲ್ಲಿತ್ತು. ಕಟ್ಟಿ ನೋಡಿದಳು. ನೂರಾ ಎಂಬತ್ತು. ಯಂತ್ರದ ಮೇಲೆ ನಂಬಿಕೆ ಬಾರದೆ ಇನ್ನೊಂದು ತೋಳಿಗೆ ಕಟ್ಟಿದಳು. ಅಲ್ಲಿಯೂ ಅಷ್ಟೇ.

“ಗಾಡಿ ತಿರಗಸು ಬಾಳಾಸಾಬ. ಈಗಿಂದೀಗ ಹೋಗಬೇಕು.”

“ಎಲ್ಲಿಗಿ? ನೀನ ಅದೀಯಲ್ಲ?” ಎಂದ ಮಾಮಾ.

“ನಾ ಹೆರಿಗಿ ಡಾಕ್ಟರ ಅಲ್ಲ!” ಭಾಗ್ಯಾ ಚೀರಿದಳು. ರೊಟ್ಟಿಯ ಮುಂದೆ ಕೂತ ತಾರವ್ವ ಬೆಚ್ಚಿ ಎದ್ದಳು. “ಎಷ್ಟ ಸಲ ಹೇಳಲಿ ನಿಮಗ? ಇಕೀಗೆ ಬಿ.ಪಿ. ಏರೈತಿ, ಆಪರೇಷನ್ ಮಾಡಿ ಕೂಸ ತಗೀಬೇಕು. ಫಿಟ್ಸ್ ಬಂದ್ರ ತಾಯಿನೂ ಇಲ್ಲ, ಕೂಸೂ ಇಲ್ಲ. ತಿಳೀತ?”

ಮಾಮಾನ ಮುಖದ ಗಾಳಿ ಇಳಿಯಿತು. ಅಷ್ಟರಲ್ಲಿ ಮಾಳೇಶ ಹೊಲದಿಂದ ಬಂದ. ಯಾರೂ ಏನೂ ಹೇಳುವ ಮೊದಲೇ ಅನುಸೂಯಾಳ ಮುಖ ನೋಡಿ, ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು ಗಾಡಿ ಹತ್ತಿದ. ತಾರವ್ವ ಅನುಸೂಯಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಪ್ಪನ ಮುಂದೆ ಆಡಬೇಕಾದ ಮಾತು ಹಾಗೇ ಉಳಿಯಿತು.

ದಾರಿಯುದ್ದಕ್ಕೂ ಭಾಗ್ಯಾ ಫೋನಿನಲ್ಲಿದ್ದಳು. ಅಥಣಿಯ ಖಾಸಗಿ ದವಾಖಾನೆಯೊಂದಕ್ಕೆ ಹಚ್ಚಿದಳು. ಹೆರಿಗೆ ಡಾಕ್ಟರು ಇದ್ದಾರೆ ಎಂದರು. “ಅನೆಸ್ಥೇಶಿಯಾದವರು?” ಎಂದಳು. ಚಿಕ್ಕೋಡಿಗೆ ಕೇಸಿಗೆ ಹೋಗಿದ್ದಾರೆ, ಬರುವುದು ತಡ. ಇನ್ನೊಂದಕ್ಕೆ ಹಚ್ಚಿದಳು. ಅಲ್ಲಿಯೂ ಅದೇ ಪ್ರಶ್ನೆ. ಅವರು ಭಾನುವಾರ ಸಿಗುವುದಿಲ್ಲ. ಮುಂದಿನ ಸೀಟಿನಲ್ಲಿದ್ದ ಮಾಮಾನಿಗೆ ತಡೆಯಲಾಗಲಿಲ್ಲ.

“ಹೆರಿಗಿ ಡಾಕ್ಟರ ಅದಾರಂತ ಹೇಳ್ತಾರಲ್ಲ, ಮತ್ತ ಆ ಭೂಲಿನವನ್ನ ಯಾಕ ಹುಡಕತಿ?”

“ಯಾಕಂದ್ರ ಅಂವ ಬರೂತನಕ ಅವರ್‍ಯಾರೂ ಕತ್ತರಿ ಮುಟ್ಟೂದಿಲ್ಲ ಮಾಮಾ,” ಎಂದಳು ಹಲ್ಲು ಕಚ್ಚಿ. “ನಿನ್ನ ಬ್ಯಾನರಿನ್ಯಾಗ ಭೂಲ್ ಅಂತ ಬರಸಾಕ ನಾಚಕಿ ಬಂತಲ್ಲ, ಆ ಭೂಲಿನವನ್ನ ಹುಡಕಾಕತ್ತೇನಿ. ನಾ ಇನ್ನೂ ಕಲಿಯಾಕಿ, ಒಬ್ಬಾಕಿನ ಕೊಡೂಹಂಗಿಲ್ಲ.”

ಅಥಣಿಯಲ್ಲಿ ಗಾಡಿ ನಿಲ್ಲಿಸಿ ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಡಿಸಿದರು. ಅಲ್ಲಿಯ ಡಾಕ್ಟರೇ ಕಾಗವಾಡದ ಒಂದು ನರ್ಸಿಂಗ್ ಹೋಮಿಗೆ ಫೋನ್ ಮಾಡಿ, ಮೀರಜ್ ಕಡೆಯಿಂದ ಭೂಲಿನ ಡಾಕ್ಟರನ್ನು ಕರೆಸುವಂತೆ ಹೇಳಿದರು. ಬಾಳಾಸಾಬ ಹಾರ್ನ್ ಒತ್ತುತ್ತಲೇ ಗಾಡಿ ಓಡಿಸಿದ. ಅವನ ಕಿವಿಯ ಹಿಂದೆ ಬೆವರಿಳಿಯುತ್ತಿತ್ತು. ರಸ್ತೆಯ ಎರಡೂ ಕಡೆ ದ್ರಾಕ್ಷಿಯ ತೋಟಗಳು ಬರತೊಡಗಿದಾಗ ತಾರವ್ವ ಒಂದೇ ಸಮ ಕುಲದೇವರು ಮಾಳಿಂಗರಾಯನನ್ನು ಕರೆಯತೊಡಗಿದಳು.

ಕಾಗವಾಡದ ನರ್ಸಿಂಗ್ ಹೋಮಿನಲ್ಲಿ ಎಲ್ಲ ತಯಾರಿತ್ತು. ಅಲ್ಲಿಯ ಹೆರಿಗೆ ಡಾಕ್ಟರಬಾಯಿ ಕೈ ತೊಳೆದು, ಗೌನು ಹಾಕಿಕೊಂಡು, ಎರಡೂ ಕೈ ಎದೆಯ ಮುಂದೆ ಎತ್ತಿ ನಿಂತಿದ್ದರು. ಆದರೆ ಸುಮ್ಮನೆ ನಿಂತಿದ್ದರು. ಬಾಗಿಲ ಸಂದಿಯಿಂದ ಮಾಮಾ ಅದನ್ನು ನೋಡಿದ. ಅಷ್ಟು ದೊಡ್ಡ ಡಾಕ್ಟರು ಏನೂ ಮಾಡದೆ ಬಾಗಿಲ ಕಡೆ ನೋಡುತ್ತಿರುವುದನ್ನು ಅವನು ಈವರೆಗೆ ಕಂಡಿರಲಿಲ್ಲ. ಒಮ್ಮೆ ಒಳಗೆ ಇಣುಕಿದ, ಒಮ್ಮೆ ಹೊರಗೆ ರಸ್ತೆಗೆ ಓಡಿದ.

“ಬಂದ್ನೇನ ಅಂವ?” ಎಂದು ಸಿಕ್ಕಸಿಕ್ಕವರನ್ನು ಕೇಳಿದ. ‘ಅಂವ’ ಹೋಗಿ ನಿಧಾನವಾಗಿ ‘ಅವರು’ ಆಯಿತು. “ಬಂದ್ರೇನ್ರಿ ಅವರು?”

ಬಂದವರು ಸ್ಕೂಟರಿನಲ್ಲಿ. ಹೆಗಲಿಗೆ ಚೀಲ, ನರೆತ ಮೀಸೆ, ಬಿಸಿಲಿಗೆ ಕೆಂಪಾದ ಮುಖ. ಯಾರ ನಮಸ್ಕಾರಕ್ಕೂ ನಿಲ್ಲದೆ ಒಳಗೆ ನಡೆದರು. ಭಾಗ್ಯಾ ಬೆನ್ನು ಹತ್ತಿ, ಬಿ.ಪಿ. ಎಷ್ಟಿತ್ತು, ಅಥಣಿಯಲ್ಲಿ ಏನು ಕೊಟ್ಟರು, ಅನುಸೂಯಾ ಕೊನೆಗೆ ಉಂಡದ್ದು ಯಾವಾಗ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಕೈ ತೊಳೆಯುತ್ತಲೇ ತಿರುಗಿ ನೋಡಿದರು.

“ನೀ ಯಾರವಾ?”

“ಸೆಕೆಂಡ್ ಇಯರ್ ರೆಸಿಡೆಂಟ್ ಸರ್. ಅನೆಸ್ಥೇಶಿಯಾ.”

“ಹೆಸರ?”

“ಭಾಗ್ಯಾ, ಸರ್.”

“ಬರ್ರಿ ಡಾಕ್ಟರ್ ಭಾಗ್ಯಾ. ಬಟ್ಟಿ ಬದಲಿಸಿ ತಲಿ ಕಡೆ ನಿಲ್ಲರಿ.”

ಸತ್ಕಾರ, ಬ್ಯಾನರು, ಶಾಲು ಇಲ್ಲದೆ ಅವಳ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಕರೆದವರು ಅವರೇ ಮೊದಲಿಗರು.

ಅನುಸೂಯಾ ನಡುಗುತ್ತಿದ್ದಳು. ಭೂಲಿನ ಡಾಕ್ಟರು ಅವಳನ್ನು ಕೂಡ್ರಿಸಿ, ಬೆನ್ನ ಮೇಲೆ ಕೈಯಿಟ್ಟು, ಬಾಗು ಎಂದರು, ಇನ್ನಷ್ಟು ಬಾಗು ಎಂದರು. ಸೂಜಿ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ಮಲಗಿಸಿ, ಎದೆಯ ಮೇಲೆ ಹಸಿರು ಬಟ್ಟೆಯ ಪರದೆ ಕಟ್ಟಿದರು. ಪರದೆಯ ಆ ಕಡೆ ಡಾಕ್ಟರಬಾಯಿಯ ಕೆಲಸ ಶುರುವಾಯಿತು. ಈ ಕಡೆ ಅವರು ಸ್ಟೂಲಿನ ಮೇಲೆ ಕೂತು ಹರಟೆಗಿಳಿದರು.

“ಯಾವೂರ ತಂಗಿ?”

“ಸತ್ತಿ ರೀ.”

“ಕುರಿ ಅದಾವನ ಮನ್ಯಾಗ? ಎಷ್ಟ ಅದಾವ?”

“ಎಣಿಕಿ ಹೇಳಬಾರದ್ರಿ. ನಮ್ಮಲ್ಲಿ ಹೇಳೂದಿಲ್ಲ.”

“ಹಂಗಾದ್ರ ಎಣಿಕಿ ಬ್ಯಾಡ. ಹೆಸರ ಹೇಳು, ಕೇಳೂಣು.”

ಅನುಸೂಯಾ ಹೇಳತೊಡಗಿದಳು. ಕರಿಯವ್ವ, ಚುಕ್ಕಿ, ಮುರಕಗಿವಿ, ಬಾಲಮೋಟಿ. ಹೇಳುತ್ತ ಹೇಳುತ್ತ ಒಂದು ಕಡೆ ಮಾತು ನಿಧಾನವಾಯಿತು, ನಾಲಗೆ ಎಳೆಯಿತು. ಭಾಗ್ಯಾ ಮಾನಿಟರಿನ ಕಡೆ ತಿರುಗುವಷ್ಟರಲ್ಲಿ ಅವರ ಕೈ ಔಷಧಿಗೆ ಹೋಗಿ ಆಗಿತ್ತು. ಬಿ.ಪಿ. ಜಾರುತ್ತಿತ್ತು. ಸಿರಿಂಜಿನಿಂದ ಒಂದಿಷ್ಟು ತಳ್ಳಿ, ಏನೂ ಆಗಿಲ್ಲವೆಂಬಂತೆ, “ಬಾಲಮೋಟಿ ಆದಮ್ಯಾಲ ಯಾವುದು?” ಎಂದರು. ಅಂಕಿ ಮೇಲಕ್ಕೆ ಬಂತು. ಪರದೆಯ ಆ ಕಡೆಯವರಿಗೆ ಇದರ ಸುಳಿವೂ ಹತ್ತಲಿಲ್ಲ. ಮುಂದಿನ ಕುರಿಯ ಹೆಸರು ಬರುವ ಮೊದಲೇ ಕೂಸು ಅತ್ತಿತು. ಹೆಣ್ಣು.

ಆಮೇಲೆ ನಡೆದದ್ದನ್ನು ಕಣ್ಣು ಮುಚ್ಚಿ ಹೇಳಬಹುದು. ಡಾಕ್ಟರಬಾಯಿ ಬಾಗಿಲಿಗೆ ಬಂದದ್ದೇ ತಡ, ಮಾಮಾ ಅಷ್ಟರಲ್ಲೇ ಕಾಗವಾಡದ ಪೇಟೆಗೆ ಹೋಗಿ ಹೊಂಚಿಕೊಂಡು ಬಂದಿದ್ದ ಶಾಲು, ತೆಂಗಿನಕಾಯಿ, ಪೇಡೆಯ ಬಾಕ್ಸು ಹೊರಬಂದವು. ಶಾಲು ಹೊದಿಸಿದ. ಬಾಳಾಸಾಬನಿಂದ ಫೋಟೋ ತೆಗೆಸಿದ. ನೀವು ದೇವರು ಎಂದು ಕೈ ಮುಗಿದ. ಅದೇ ಹೊತ್ತಿಗೆ ಪಕ್ಕದ ಓಣಿಯಲ್ಲಿ ಸ್ಕೂಟರ್ ಶುರುವಾದ ಸದ್ದು ಭಾಗ್ಯಾಳಿಗೆ ಕೇಳಿಸಿತು. ಬೇರೆ ದವಾಖಾನೆಯಿಂದ ಫೋನ್ ಬಂದಿತ್ತು, ಭೂಲಿನ ಡಾಕ್ಟರು ಹಿಂದಿನ ಬಾಗಿಲಿನಿಂದ ಹೊರಟಿದ್ದರು. ಯಾರಿಗಾಗಿ ರಸ್ತೆಗೆ ಓಡಿಓಡಿ ಹೋಗುತ್ತಿದ್ದನೋ, ಅವರನ್ನು ಮಾಮಾ ಆಗಲೇ ಮರೆತಿದ್ದ.

ಭಾಗ್ಯಾಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಇದೇ ನನ್ನ ಮುಂದಿನ ಬದುಕೆಲ್ಲ ಎಂದುಕೊಂಡಳು. ಜೀವ ಹಿಡಿದುಕೊಡುವುದು, ಹಿಂದಿನ ಬಾಗಿಲಿನಿಂದ ಹೋಗುವುದು. ಅಪ್ಪನ ಮುಂದೆ ಆಡಬೇಕಾದ ಮಾತು ಈಗ ನಾಲಗೆಯ ತುದಿಗೆ ಬಂದು ಕೂತಿತು. ಅನುಸೂಯಾಳನ್ನು ಒಮ್ಮೆ ನೋಡಿ, ಹೊರಗೆ ಬಂದು ಹೇಳಿಬಿಡುವುದೆಂದು ವಾರ್ಡಿಗೆ ಹೋದಳು.

ಅನುಸೂಯಾಳ ಬಿ.ಪಿ. ಇಳಿದಿತ್ತು. ಇನ್ನೂ ಎರಡು ದಿನ ಕಣ್ಣಿಟ್ಟಿರಬೇಕು, ಆದರೆ ಗಂಡಾಂತರ ದಾಟಿತ್ತು. ಪಕ್ಕದಲ್ಲಿ ಕೂಸು. ಅವಳು ಭಾಗ್ಯಾಳ ಕೈ ಹಿಡಿದುಕೊಂಡಳು.

“ಅಕ್ಕಾ, ಹೊಟ್ಟಿ ಕೊಯ್ದಾವರ ಮಾರಿ ನಾ ನೋಡಲಿಲ್ಲ. ಅಡ್ಡ ಬಟ್ಟಿ ಇತ್ತು. ತಲಿ ಕಡೆ ಒಬ್ಬರ ಕುಂತಿದ್ರಲ್ಲ, ಅವರು ಮಾತಾಡ್ಕೋತ ಇದ್ರು ಅಂತ ನಾ ಇದ್ನಿ. ಅವರ ದನಿ ನಿಂತ್ರ ನಾ ಸಾಯ್ತೇನಿ ಅನಸ್ತಿತ್ತು. ಅವರ ಹೆಸರೇನಕ್ಕಾ?”

ಭಾಗ್ಯಾ ಬಾಯಿ ತೆರೆದಳು. ಹೆಸರು ಅವಳಿಗೂ ಗೊತ್ತಿರಲಿಲ್ಲ. ಅವರು ಒಳಗೆ ಬಂದೊಡನೆ ತನ್ನ ಹೆಸರು ಕೇಳಿದ್ದರು. ಅಷ್ಟು ಹೊತ್ತು ಅವರ ಮೊಣಕೈಗೆ ತಾಗಿ ನಿಂತಿದ್ದ ತಾನು ಸರ್, ಸರ್ ಎಂದೇ ಮುಗಿಸಿದ್ದಳು. ಭೂಲಿನ ಡಾಕ್ಟರನ್ನು ಯಾರೂ ಕೇಳುವುದಿಲ್ಲ ಎಂದು ವರ್ಷಗಟ್ಟಲೆ ಉರಿದವಳು ತಾನೂ ಕೇಳಿರಲಿಲ್ಲ.

ಹೊರಗೆ ಬಂದು ನರ್ಸನ್ನು ಕೇಳಿದಳು. “ಭೂಲ್ ಸರ್ ಏನ್ರಿ? ನಾವೆಲ್ಲಾ ಭೂಲ್ ಸರ್ ಅಂತೀವ್ರಿ,” ಎಂದಳು ನರ್ಸು, ಹೊಸಬಳು, ನಗುತ್ತ. ಭಾಗ್ಯಾಳಿಗೆ ನಗು ಬರಲಿಲ್ಲ.

ಸಂಜೆ ಅವಳನ್ನು ಬಸ್ಸಿಗೆ ಬಿಡಲು ಅಪ್ಪ ಮತ್ತು ಮಾಮಾ ಕಾಗವಾಡದ ಬಸ್‌ಸ್ಟ್ಯಾಂಡಿನವರೆಗೆ ಬಂದರು. ನಿದ್ದೆ ಮಾಡಲೆಂದು ಸಿಕ್ಕ ಒಂದು ಭಾನುವಾರ ಹೀಗೆ ಕೈಬಿಟ್ಟಿತ್ತು. ಮಾಮಾ ಉಳಿದ ಪೇಡೆಯ ಬಾಕ್ಸನ್ನು ಅವಳ ಚೀಲಕ್ಕೆ ತುರುಕಿ, ಕಾಲ ಬೆರಳು ನೋಡುತ್ತ ನಿಂತ.

“ತಪ್ಪಾತವಾ,” ಎಂದ.

“ಬ್ಯಾನರ್ ಇಳಸು ಮಾಮಾ.”

“ಇಳಸ್ತೇನಿ. ಬ್ಯಾರೇದ ಹಾಕಸ್ತೇನಿ. ಏನಂತ ಬರಸ್ಲಿ ಹೇಳು.”

“ಭೂಲ್ ಕೊಡೂ ಡಾಕ್ಟರ ಅಂತ ಬರಸು. ಇನ್ನೂ ಕಲಿಯಾಕತ್ತಾಳ ಅಂತನೂ ಬರಸು.”

ಮಾಮಾ ಅದನ್ನು ಮನಸ್ಸಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ನೋಡಿದನೆಂದು ಕಾಣುತ್ತದೆ, ಮುಖ ಸಪ್ಪಗಾಯಿತು. “ಹಂಗ ಬರಸಿದ್ರ ನಾಳೆ ನಾವು ದವಾಖಾನಿ ಕಟ್ಟಸಿದ್ರ ಯಾರ ಬರ್ತಾರವಾ?”

“ಯಾರೂ ಬರೂದಿಲ್ಲ ಮಾಮಾ. ಕರದ ದವಾಖಾನಿಗೆಲ್ಲಾ ನಾನ ಹೋಗಬೇಕು.”

ಬಸ್ಸು ಬಂತು. ಮಾಳೇಶ ಚೀಲ ಎತ್ತಿ ಕೊಟ್ಟ. ಕೊಡುತ್ತಲೇ ಕೇಳಿದ. “ನನ್ನ ಮುಂದ ಏನೋ ಹೇಳೂದೈತಿ ಅಂದಿದ್ದೆಂತ. ನಿಮ್ಮವ್ವ ಹೇಳಿದ್ಲು.”

ಭಾಗ್ಯಾ ಅಪ್ಪನ ಮುಖ ನೋಡಿದಳು. ನಾಳೆ ಮುಂಜಾನೆ ಮತ್ತೆ ಅದೇ ಥಿಯೇಟರು, ಅದೇ ಬೈಗುಳ, ಸಿಸ್ಟರ್ ಎಂದು ಕರೆಯುವ ಅದೇ ಮುದುಕರು. ಒಂದೂ ಬದಲಾಗಿರಲಿಲ್ಲ. ಸಿಟ್ಟೂ ಹೋಗಿರಲಿಲ್ಲ.

“ಏನಿಲ್ಲಪ್ಪಾ. ನಾಳೆ ಡ್ಯೂಟಿ ಐತಿ.”

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತವಳೇ ನರ್ಸಿಂಗ್ ಹೋಮಿಗೆ ಫೋನ್ ಹಚ್ಚಿದಳು. ಎತ್ತಿದವನು ಯಾವ ಸರ್ ಎಂದ, ಆಮೇಲೆ ಕೇಳಿ ಹೇಳುತ್ತೇನೆ ಎಂದ, ನಾಳೆ ಮಾಡಿರಿ ಎಂದ. ಈಗಲೇ ಕೇಳಿ ಬನ್ನಿ, ನಾನು ಹಿಡಿದುಕೊಂಡಿರುತ್ತೇನೆ ಎಂದು ಅವಳು ಗದರಿದಳು. ಬಸ್ಸು ಕಾಗವಾಡ ದಾಟಿದರೂ ಫೋನು ಕಿವಿಯಲ್ಲೇ ಇತ್ತು. ಕೊನೆಗೆ ಆ ಕಡೆಯಿಂದ ಡಾಕ್ಟರಬಾಯಿಯೇ ಬಂದು ಹೇಳಿದರು. ಭಾಗ್ಯಾ ಕೂಡಲೆ ಬಾಳಾಸಾಬನಿಗೆ ಹಚ್ಚಿದಳು.

“ಅನುಸೂಯಾಗ ಫೋನ್ ಕೊಡು. ಮಲಗಿದ್ರ ಎದ್ದ ಮ್ಯಾಲ ಹೇಳು, ಮರೀಬ್ಯಾಡ. ತಲಿ ಕಡೆ ಕುಂತಾವರ ಹೆಸರು ಡಾಕ್ಟರ್ ದಾದಾಸಾಹೇಬ.”